‘ಹಾರುತಟ್ಟೆ’ಯ ಅಭಿಮಾನಿಗಳು

ಒಂದು ಡಿಟಿಪಿ ಅಂಗಡಿ ಇಟ್ಟುಕೊಂಡು ಕೂತರೆ ಸಾಕು, ಇಂಥ ಪ್ರಸಂಗಗಳು ತಾವಾಗಿಯೇ ಮೆಟ್ಟಿಲು ಹತ್ತಿ ಬರುತ್ತವೆ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿಗೆ ಹತ್ತಿರ ನನ್ನ ಅಂಗಡಿ. ಕನ್ನಡ ಟೈಪಿಂಗು, ಜೆರಾಕ್ಸು, ಲ್ಯಾಮಿನೇಷನ್ನು. ತಿಥಿ ಕಾರ್ಡಿಗೆ ‘ಸಕುಟುಂಬ ಸಮೇತ ಬಂದು ಆನಂದಿಸಿ’ ಅಂತ ಹಾಕಿಸೋಕೆ ಬಂದವರನ್ನೂ ನೋಡಿದ್ದೀನಿ. ಅವರೆಲ್ಲ ಪಾಪ, ಗೊತ್ತಿಲ್ಲದೆ ಮಾಡೋರು. ಎಲ್ಲಾ ಗೊತ್ತಿದೆ ಅಂದುಕೊಂಡು ಮಾಡೋರು ಅಂದರೆ ನಮ್ಮ ವಿಜ್ಞಾನ ಕಥೆ ಅಭಿಮಾನಿಗಳ ಸಂಘದವರು.

ಸಂಘ ಅಂದರೆ ದೊಡ್ಡದಲ್ಲ, ನಾಲ್ಕು ಜನ. ಸಂಪಾದಕರು ಯಳಂದೂರಿನಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳೋ ಮೇಷ್ಟ್ರು. ವಿಮರ್ಶಕರು ಹನೂರಿನ ದನದ ಡಾಕ್ಟರು. ಹಂಚಿಕೆ ನೋಡಿಕೊಳ್ಳೋರು ಮಾಂಬಳ್ಳಿಯ ಇನ್ಶೂರೆನ್ಸ್ ಏಜೆಂಟರು. ನಾಲ್ಕನೆಯವಳು ನಾನು, ಅವರ ಲೆಕ್ಕದಲ್ಲಿ ಟೈಪಿಂಗ್ ಮೇಡಮ್ಮು. ನಾನೂ ಕಥೆ ಬರೀತೀನಿ ಅನ್ನೋದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಪ್ರಯೋಜನ ಆಗಲಿಲ್ಲ.

ನನ್ನ ಕಥೆ ಇಷ್ಟೇ. ಅಗರದ ಕಡೆ ಒಂದು ಹೊಲದಲ್ಲಿ ಬೋರ್‌ವೆಲ್ ಕೊರೆಸುತ್ತಾರೆ. ನೀರು ಬರಲ್ಲ. ಕೊರೆದೂ ಕೊರೆದೂ ಒಂದು ಆಳಕ್ಕೆ ಹೋದಾಗ ಕೆಳಗಡೆಯಿಂದ ಯಾರೋ ಪೈಪಿಗೆ ಟಣ್ ಟಣ್ ಅಂತ ಬಡಿಯುತ್ತಾರೆ. ನೆಲದೊಳಗೂ ಜನ ಇದ್ದಾರೆ. ಅವರೂ ಅಲ್ಲಿಂದ ಮೇಲಕ್ಕೆ ಕೊರೆಯುತ್ತಾ ಬಂದಿದ್ದಾರೆ. ಕೊನೆಯಲ್ಲಿ ಅವರು ನಮ್ಮೋರನ್ನ ಒಂದು ಮಾತು ಕೇಳುತ್ತಾರೆ. ಆ ಒಂದು ಮಾತಿಗಾಗಿಯೇ ನಾನು ಇಡೀ ಕಥೆ ಬರೆದದ್ದು. ಹೆಸರು ಬೇಡ, ಹಾರ ಬೇಡ, ಶಾಲು ಮೊದಲೇ ಬೇಡ. ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ಅದನ್ನು ಕೊನೇ ಸಾಲಿನ ತನಕ ಓದಿಬಿಟ್ಟರೆ ಸಾಕು ಅಂತ ನನಗೆ ಆಸೆ. ಈ ಆಸೆ ಇಟ್ಟುಕೊಂಡು ನಾನು ಇವರ ಕೈಗೆ ಸಿಕ್ಕಿದೆ.

ಸೈಕಲ್ಲೂ ಸ್ಟೈಲೂ

ಸಂಪಾದಕರು ಎಲ್ಲೋ ಓದಿದ್ದರು. ಹಿಂದೆ ಹೊರದೇಶಗಳಲ್ಲಿ ವಿಜ್ಞಾನ ಕಥೆಯ ಹುಚ್ಚು ಹತ್ತಿದವರು ತಾವೇ ಬರೆದು, ತಾವೇ ಮಸಿ ಹಚ್ಚಿದ ಸೈಕ್ಲೋಸ್ಟೈಲ್ ಮೆಷಿನ್ನಿನಲ್ಲಿ ಪ್ರತಿ ತೆಗೆದು, ತಾವೇ ಪಿನ್ ಹೊಡೆದು ಪತ್ರಿಕೆ ತರುತ್ತಿದ್ದರಂತೆ. ಓದಿದವರು ಉದ್ದುದ್ದ ಕಾಗದ ಬರೆದು ಬೈಯುತ್ತಿದ್ದರಂತೆ. ಬೈಸಿಕೊಂಡವರು ಮುಂದಿನ ಸಂಚಿಕೆಯಲ್ಲಿ ತಿರುಗಿಸಿ ಬೈಯುತ್ತಿದ್ದರಂತೆ. ಇದನ್ನು ಹೇಳುವಾಗ ನಮ್ಮ ಸಂಪಾದಕರ ಕಣ್ಣಲ್ಲಿ ನೀರು ತುಂಬಿತ್ತು.

“ನಾವೂ ಹಾಗೇ ಮಾಡಬೇಕು” ಅಂದರು. “ವಾಟ್ಸಾಪು, ಪಿಡಿಎಫ್ಫು ಎಲ್ಲ ಬೇಡ. ಕೈಗೆ ಮಸಿ ಅಂಟದಿದ್ದರೆ ಅದು ಅಭಿಮಾನ ಅಲ್ಲ.”

ಈ ಕಾಲದಲ್ಲಿ ಸೈಕ್ಲೋಸ್ಟೈಲ್ ಮೆಷಿನ್ ಎಲ್ಲಿ ತರೋದು? ನನ್ನ ಜೆರಾಕ್ಸ್ ಮೆಷಿನ್ ಎದುರಿಗೇ ಗುರುಗುಡುತ್ತಿತ್ತು. ಅದನ್ನು ಅವರು ತಿರುಗಿಯೂ ನೋಡಲಿಲ್ಲ. ಊರೆಲ್ಲಾ ವಿಚಾರಿಸಿ, ಕೊನೆಗೆ ಯಾರೋ ‘ಅಲ್ಲಿ ಹಳೇ ಮೆಷಿನ್ ಇಟ್ಟವ್ರೆ’ ಅಂದದ್ದನ್ನು ನಂಬಿಕೊಂಡು ಒಂದು ಅಂಗಡಿಗೆ ಹೋದರು. ಅದು ಸೈಕಲ್ ಅಂಗಡಿ.

“ಸೈಕ್ಲೋಸ್ಟೈಲ್ ಇದೆಯೇನಪ್ಪಾ?” ಅಂತ ಕೇಳಿದರಂತೆ.

“ಸೈಕಲ್ ಅದೆ ಸಾ” ಅಂದನಂತೆ ಅವನು. “ಸ್ಟೈಲು ನೀವೇ ಮಾಡ್ಕಬೇಕು.”

ಮಾರನೇ ದಿನ ಸಂಪಾದಕರು ನನ್ನ ಅಂಗಡಿಗೆ ಬಂದು, ಜೆರಾಕ್ಸೂ ಒಂದು ರೀತಿಯಲ್ಲಿ ಮಸಿಯೇ ಅಂತ ಒಪ್ಪಿಕೊಂಡರು. ಆ ಮಸಿ ಅಂಟಿದ್ದು ನನ್ನ ಕೈಗೆ.

ಹೆಸರಿಟ್ಟದ್ದು

ಪತ್ರಿಕೆಗೆ ಹೆಸರು ಬೇಕಿತ್ತಲ್ಲ. ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಸಭೆ. ಏಜೆಂಟರು ‘ಗ್ರಹಲೋಕ’ ಅಂದರು. ಅದನ್ನು ನೋಡಿದರೆ ಜನ ಜಾತಕ ಹಿಡಿದುಕೊಂಡು ಬರ್ತಾರೆ ಅಂತ ನಾನು ಅಂದೆ. ಡಾಕ್ಟರು ‘ಜೀವಾಣು’ ಅಂದರು. ಊಟದ ಹೊತ್ತು, ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಸಂಪಾದಕರು ಒಂದು ಚೀಟಿಯ ಮೇಲೆ ‘ಹಾರುತಟ್ಟೆ’ ಅಂತ ಬರೆದು ತೋರಿಸಿದರು. ಆಕಾಶದಿಂದ ಇಳಿದು ಬರುತ್ತದಲ್ಲ, ಬೇರೆ ಗ್ರಹದವರ ವಾಹನ, ಅದು.

ಹೆಸರೇನೋ ಚೆನ್ನಾಗಿಯೇ ಇತ್ತು. ಆದರೆ ನಮ್ಮ ಸೀಮೆಯಲ್ಲಿ ಹಕಾರ ಅನ್ನೋದು ಸ್ಕೂಲಿನ ಬೋರ್ಡಿನ ಮೇಲೆ ಮಾತ್ರ ಇರೋದು. ಬಾಯಿಗೆ ಬರಲ್ಲ. ಹೋಗು ಅನ್ನೋದು ಓಗು, ಹಾಲು ಅನ್ನೋದು ಆಲು. ಫಿಸಿಕ್ಸ್ ಓದಿದರೂ ಅಷ್ಟೇ, ದನದ ಡಾಕ್ಟರಿಕೆ ಓದಿದರೂ ಅಷ್ಟೇ. ಸಂಪಾದಕರು ಕ್ಲಾಸಿನಲ್ಲಿ, ಸಭೆಯಲ್ಲಿ ಹುಷಾರಾಗಿ ಹ ಹಚ್ಚಿಕೊಂಡು ಮಾತಾಡುತ್ತಾರೆ. ಖುಷಿಯಾದರೆ ಹುಷಾರು ತಪ್ಪುತ್ತೆ. ಅವತ್ತು ಬಹಳ ಖುಷಿಯಾಗಿದ್ದರು.

ಎದ್ದು ನಿಂತು, ಮೇಜು ಗುದ್ದಿ, “ಆರುತಟ್ಟೆ ಅಂತ್ಲೇ ಆಗೋಗ್ಲಿ” ಅಂದರು.

ಡಾಕ್ಟರೂ ಮೇಜು ಗುದ್ದಿ, “ಆರುತಟ್ಟೆನೇ ಸರಿ” ಅಂದರು.

ಸಪ್ಲೈಯರ್ ಒಳಗಿನಿಂದ ಓಡಿ ಬಂದ. “ಗುದ್ಬೇಡಿ ಸಾ, ತತ್ತೀನಿ. ಆರ್ ತಟ್ಟೆ ಏನು, ಇಡ್ಲಿಯಾ ವಡೆಯಾ?”

ಇಡ್ಲಿ ಬಂತು. ನಾಲ್ಕು ಜನಕ್ಕೆ ಆರು ತಟ್ಟೆ. ಮಿಕ್ಕಿದ್ದನ್ನು ಪತ್ರಿಕೆಯ ಮೊದಲ ನಷ್ಟ ಅಂತ ಸಂಪಾದಕರೇ ತಿಂದರು.

ಯಾವ ಹೀರೋ?

ಮೊದಲ ಸಂಚಿಕೆ ಬಿಡುಗಡೆಗೆ ಒಂದು ಫ್ಲೆಕ್ಸ್ ಬೇಕು ಅಂತಾಯಿತು. ಸಂಪಾದಕರು ಫ್ಲೆಕ್ಸ್ ಅಂಗಡಿಗೆ ಹೋಗಿ ‘ವಿಜ್ಞಾನ ಕಥೆ ಅಭಿಮಾನಿಗಳ ಸಂಘ’ ಅಂತ ಬರೆಸಬೇಕು ಅಂದರು. ಅಭಿಮಾನಿಗಳು ಅನ್ನೋ ಮಾತು ಕೇಳಿದ ತಕ್ಷಣ ಫ್ಲೆಕ್ಸಿನವನು ಕುರ್ಚಿ ಎಳೆದು ಕೊಟ್ಟ. ನಾನು ಜೊತೆಗಿದ್ದೆ, ಕಣ್ಣಾರೆ ನೋಡಿದೆ.

“ಈರೋ ಎಸರು ವಿಜ್ಞಾನ ಅಂತ್ಲಾ ಸಾ? ಒಸಬನಾ?”

“ಹೀರೋ ಅಲ್ಲಪ್ಪಾ. ಕಥೆಗಳ ಅಭಿಮಾನಿಗಳು.”

“ಅಂಗಾರೆ ಫೋಟೋ ಯಾರ್ದಾಕದು?”

“ಫೋಟೋ ಬೇಡ.”

“ಫೋಟೋ ಇಲ್ದೆ ಅಭಿಮಾನಿಗಳು ಅಂತ ಆಕ್ಬುಟ್ರೆ ಜನ ಏನಂದ್ಕೊಂಡಾರು ಸಾ? ನಿಮ್ದೇ ಒಂದು ಕೊಟ್ಟಿರಿ.”

ಇಷ್ಟು ಹೊತ್ತು ಬೇಡ ಬೇಡ ಅಂದವರು ಜೇಬಿಗೆ ಕೈ ಹಾಕಿದರು. ಪಾಸ್‌ಪೋರ್ಟ್ ಸೈಜಿನ ಫೋಟೋ ರೆಡಿಯಾಗೇ ಇತ್ತು.

ಮೂರನೇ ದಿನ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದು ನಿಂತಿತು. ನಡುವೆ ಸಂಪಾದಕರ ತಲೆ, ಅದರ ಕೆಳಗೆ ಯಾರದೋ ಬಿಳೀ ಸೂಟು, ಕಣ್ಣಿಗೆ ಕಪ್ಪು ಕನ್ನಡಕ, ಎರಡೂ ಕಡೆ ಬಾಯಿ ತೆರೆದ ಸಿಂಹ. ವಿಜ್ಞಾನ ಅನ್ನೋದು ಸಿಂಹದ ಬಾಲದ ಹತ್ತಿರ ಸಣ್ಣಕ್ಷರದಲ್ಲಿ ಇತ್ತು. ಬಿಡುಗಡೆಯ ದಿನ ಜನ ಬಂದರು, ಸುಳ್ಳು ಹೇಳಬಾರದು. ಬಂದವರೆಲ್ಲ ಇವರು ಎಲೆಕ್ಷನ್ನಿಗೆ ನಿಂತವ್ರೆ ಅಂತ ಬಂದವರು. ಒಬ್ಬರು ಬೀದಿ ದೀಪದ ದೂರು ತಂದಿದ್ದರು. ಒಬ್ಬಮ್ಮ ಮನೆ ಮುಂದೆ ಚರಂಡಿ ಕಟ್ಟಿಕೊಂಡು ನಾರುತ್ತಿದೆ ಅಂತ ಬಂದಿದ್ದರು.

ಸಂಪಾದಕರಿಗೆ ಓದುಗರು ಬಂದ ಸಂಭ್ರಮ. ಎಲ್ಲರಿಗೂ ನಮಸ್ಕಾರ ಮಾಡಿ ಒಂದೊಂದು ‘ಹಾರುತಟ್ಟೆ’ ಕೊಟ್ಟರು. ಚರಂಡಿಯಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ನಮ್ ಮೋರಿ ಇಸ್ಯ ಯಾವ್ ಪುಟದಲ್ಲದೆ ಸಾ?” ಅಂದರು.

ಅಂದ ಹಾಗೆ, ಆ ಸಂಚಿಕೆಯಲ್ಲಿ ನನ್ನ ಕಥೆ ಇರಲಿಲ್ಲ. ‘ಮುಂದಿನ ಸಂಚಿಕೆಯಲ್ಲಿ ನಿರೀಕ್ಷಿಸಿ’ ಅಂತ ಇತ್ತು. ಟೈಪು ಮಾಡಿದವಳು ನಾನೇ.

ಮೂರು ಕಾಲಿನ ಪ್ರಾಣಿ

ಮೊದಲ ಸಂಚಿಕೆಯಲ್ಲಿ ಸಂಪಾದಕರು ತಮ್ಮದೇ ಧಾರಾವಾಹಿ ಶುರು ಮಾಡಿದ್ದರು. ಮಂಗಳ ಗ್ರಹದಲ್ಲಿ ಮೂರು ಕಾಲಿನ ಒಂದು ಪ್ರಾಣಿ, ಗುಡ್ಡದಷ್ಟು ಗಾತ್ರ, ನಾಯಕ ಅದರ ಮೇಲೆ ಕೂತು ಸವಾರಿ ಮಾಡುತ್ತಾನೆ. ದನದ ಡಾಕ್ಟರಿಗೆ ನಾಯಕನೂ ಬೇಡ, ನಾಯಕಿಯೂ ಬೇಡ. ಪ್ರಾಣಿ ಒಂದು ಸಿಕ್ಕಿತಲ್ಲ, ಅಷ್ಟು ಸಾಕು. ಓದುಗರ ಓಲೆ ಅಂತ ಎಂಟು ಪುಟ ಬರೆದು ಕಳಿಸಿದರು. ಮಲಗಿದ ಹಸು ಮೊದಲು ಹಿಂದಿನ ಕಾಲು ಎತ್ತುತ್ತದೆ, ಕುದುರೆ ಮುಂದಿನ ಕಾಲು ಎತ್ತುತ್ತದೆ, ನಿಮ್ಮ ಪ್ರಾಣಿ ಯಾವ ಕಾಲು ಎತ್ತುತ್ತದೆ, ಅದು ಮಲಗಿದರೆ ಮತ್ತೆ ಏಳುವುದು ಹೇಗೆ, ಅದಕ್ಕೆ ಜ್ವರ ಬಂದರೆ ಥರ್ಮಾಮೀಟರ್ ಎಲ್ಲಿ ಇಡುವುದು.

ಸಂಪಾದಕರು ಉತ್ತರವಾಗಿ ಒಂಬತ್ತು ಪುಟ ಬರೆದರು. ಎರಡನೇ ಸಂಚಿಕೆ ಅಲ್ಲಿಗೆ ಭರ್ತಿ. ನನ್ನ ಕಥೆ ಮತ್ತೆ ಮುಂದಿನ ಸಂಚಿಕೆಗೆ.

ಅಭಿಮಾನಿಗಳು ಪತ್ರಿಕೆ ಓದುವ ರೀತಿ ನನಗೆ ಆವಾಗ ಗೊತ್ತಾಯಿತು. ಕೈಗೆ ಬಂದ ಕೂಡಲೇ ತಮ್ಮ ಪತ್ರ ಎಲ್ಲಿದೆ ನೋಡುತ್ತಾರೆ. ಅದನ್ನು ಎರಡು ಸಲ ಓದುತ್ತಾರೆ. ಅಚ್ಚಿನ ತಪ್ಪು ಸಿಕ್ಕಿದರೆ ನನಗೆ ಫೋನು. ಆಮೇಲೆ ಪತ್ರಿಕೆ ಮಡಚಿ ಇಡುತ್ತಾರೆ. ಮಿಕ್ಕ ಪುಟಗಳು ಪಿನ್ ಹೊಡೆಯೋಕೆ ದಪ್ಪ ಬರಲಿ ಅಂತ ಇರೋವು.

ಜಗಳ ಕಾಗದದಲ್ಲಿ ಮುಗಿಯಲಿಲ್ಲ. ಒಂದು ಮಧ್ಯಾಹ್ನ ಇಬ್ಬರೂ ನನ್ನ ಅಂಗಡಿಗೇ ಬಂದರು. “ಏಳಕ್ಕಾಯ್ತದೆ ಕಣ್ರೀ, ತೋರುಸ್ತೀನಿ” ಅಂತ ಸಂಪಾದಕರು ಪ್ಯಾಂಟು ಮೊಣಕಾಲಿಗೆ ಎತ್ತಿಕೊಂಡು, ಜೆರಾಕ್ಸ್ ಮೆಷಿನ್ನಿಗೂ ಕೌಂಟರಿಗೂ ನಡುವೆ ನೆಲಕ್ಕೆ ಒರಗಿಬಿಟ್ಟರು. ಒಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಎರಡು ಕಾಲು, ಒಂದು ಕೈ, ಅಲ್ಲಿಗೆ ಮೂರು. ಮಾರ್ಕ್ಸ್‌ಕಾರ್ಡ್ ಜೆರಾಕ್ಸಿಗೆ ಬಂದಿದ್ದ ಅವರದೇ ಕಾಲೇಜಿನ ಇಬ್ಬರು ಹುಡುಗಿಯರು ಬಾಗಿಲಲ್ಲಿ ನಿಂತಿದ್ದರು.

ಮೇಷ್ಟ್ರು ಅರ್ಧ ಎದ್ದರು. ಸೊಂಟದಲ್ಲಿ ಕಟಕ್ ಅಂತು. ಅಲ್ಲೇ ನಿಂತರು, ಅತ್ತಲೂ ಇಲ್ಲ ಇತ್ತಲೂ ಇಲ್ಲ.

ಡಾಕ್ಟರು ಓಡಿ ಹೋಗಿ ಹಿಡಿದುಕೊಂಡರು ಅಂದುಕೊಂಡಿರಾ? ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. “ಮೇಡಮ್, ಈ ಸ್ಟೇಜಲ್ಲಿ ದನವಾದ್ರೆ ನಾವು ಬಾಲ ತಿರುಚ್ತೀವಿ” ಅಂದರು.

ಎರಡು ಪತ್ರಿಕೆ, ಒಂದು ಬೈಗುಳ

ಸೊಂಟ ಸರಿಹೋಯಿತು, ಮನಸ್ಸು ಸರಿಹೋಗಲಿಲ್ಲ. ಮುಂದಿನ ಜಗಳ ಹೆಸರಿನದು. ‘ವಿಜ್ಞಾನ ಕಥೆ’ ಅನ್ನಬೇಕು ಅಂತ ಸಂಪಾದಕರು. ‘ವೈಜ್ಞಾನಿಕ ಕಥೆ’ ಅನ್ನಬೇಕು ಅಂತ ಡಾಕ್ಟರು. ನಾಲ್ಕು ಜನದ ಸಂಘ ಒಡೆದು ಎರಡಾಯಿತು. ಡಾಕ್ಟರು ಹನೂರಿನಿಂದ ತಮ್ಮದೇ ಬೇರೆ ಪತ್ರಿಕೆ ತರುತ್ತೀನಿ ಅಂತ ಶಪಥ ಮಾಡಿದರು. ಏಜೆಂಟರು ಎರಡೂ ಕಡೆ ಇದ್ದರು. ಇಬ್ಬರೂ ಇನ್ನೂ ಪಾಲಿಸಿ ಮಾಡಿಸಿರಲಿಲ್ಲ.

ಶಪಥ ಮಾಡಿದ ಡಾಕ್ಟರು ಟೈಪು ಮಾಡಿಸೋಕೆ ಎಲ್ಲಿಗೆ ಬಂದರು? ನನ್ನ ಅಂಗಡಿಗೇ. “ಅವರಿಗೆ ಗೊತ್ತಾಗಬಾರದು ಮೇಡಮ್” ಅಂದರು. ಅರ್ಧ ಗಂಟೆ ಕಳೆದು ಸಂಪಾದಕರು ಬಂದು, “ಅವರು ಬಂದರೆ ನನ್ನದು ತೋರಿಸಬೇಡಿ” ಅಂದರು. ಇಬ್ಬರ ಸಂಪಾದಕೀಯವನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತೆ. ‘ಕೆಲವರು ಕೇವಲ ತಮ್ಮ ಹೆಸರು ಅಚ್ಚಿನಲ್ಲಿ ನೋಡುವ ಚಪಲಕ್ಕಾಗಿ ಸಾಹಿತ್ಯಕ್ಕೆ ಬರುತ್ತಾರೆ’ ಅಂತ ಅವರು. ‘ತಮ್ಮ ಹೆಸರನ್ನು ಅಚ್ಚಿನಲ್ಲಿ ಕಾಣುವ ಚಪಲವೇ ಕೆಲವರ ಸಾಹಿತ್ಯ’ ಅಂತ ಇವರು. ಒಂದನ್ನು ಟೈಪು ಮಾಡಿದೆ. ಇನ್ನೊಂದಕ್ಕೆ ಊರಿನ ಹೆಸರು ಬದಲಾಯಿಸಿದರೆ ನಡೆದುಹೋಗುತ್ತಿತ್ತು.

ಸರಿ, ಈಗ ಎರಡು ಪತ್ರಿಕೆ ಇದೆಯಲ್ಲ, ಯಾರಾದರೊಬ್ಬರು ಹಾಕಲಿ ಅಂತ ಇಬ್ಬರಿಗೂ ನನ್ನ ಕಥೆ ಕೊಟ್ಟೆ. ಸಂಪಾದಕರು ಮೊದಲ ಹಾಳೆಯ ಅರ್ಧಕ್ಕೆ ನಿಂತು, “ಇದರಲ್ಲಿ ರಾಕೆಟ್ ಎಲ್ಲಿ ಮೇಡಮ್?” ಅಂದರು. ಡಾಕ್ಟರು ಅಷ್ಟೂ ಓದಲಿಲ್ಲ. “ಪ್ರಾಣಿ ಯಾವುದಾದರೂ ಬರುತ್ತಾ?” ಅಂತ ಕೇಳಿ ವಾಪಸ್ಸು ಕೊಟ್ಟರು.

ಹನೂರಿನ ಪತ್ರಿಕೆ ಒಂದೇ ಸಂಚಿಕೆಗೆ ನಿಂತಿತು. ಅದನ್ನು ಪೂರ್ತಿ ಓದಿದವರು ಇಡೀ ಜಿಲ್ಲೆಯಲ್ಲಿ ಒಬ್ಬರೇ, ಯಳಂದೂರಿನ ಸಂಪಾದಕರು. ‘ಹಾರುತಟ್ಟೆ’ಯನ್ನು ಪೂರ್ತಿ ಓದುತ್ತಿದ್ದವರೂ ಒಬ್ಬರೇ, ಹನೂರಿನ ಡಾಕ್ಟರು. ಇರೋ ಒಬ್ಬ ಓದುಗನನ್ನೂ ಕಳೆದುಕೊಂಡರೆ ಗತಿಯೇನು ಅಂತ ಇಬ್ಬರಿಗೂ ಹೊಳೆದಿರಬೇಕು, ರಾಜಿಯಾದರು.

ನೋಡ್ದೆ

ರಾಜಿಯಾದ ಮೇಲೆ ಡಾಕ್ಟರಿಗೆ ಬೈಯೋಕೆ ಏನೂ ಉಳಿಯಲಿಲ್ಲ. ಓಲೆ ಬರಲಿಲ್ಲ. ಹೊಸ ಸಂಚಿಕೆಯಲ್ಲಿ ಆರು ಹಾಳೆ ಖಾಲಿ ಬಿತ್ತು. “ನಿಮ್ಮದು ಏನೋ ಇತ್ತಲ್ಲ ಮೇಡಮ್, ಅದನ್ನ ತುಂಬಿಬಿಡಿ” ಅಂದರು ಸಂಪಾದಕರು. ಮೂಟೆಗೆ ಹೊಟ್ಟು ತುಂಬಿ ಅನ್ನೋ ಹಾಗೆ. ನನಗೆ ಉರಿದುಹೋಯಿತು. ಆದರೂ ತುಂಬಿದೆ. ಹಾಳೆಯ ಒಂದೇ ಬದಿಗೆ ಜೆರಾಕ್ಸು, ಸರಿಯಾಗಿ ಆರು ಹಾಳೆ.

ಹದಿನೈದು ದಿನ ಬಿಟ್ಟು ಅಭಿಪ್ರಾಯ ಕೇಳೋಣ ಅಂತ ಹೊರಟೆ. ಸಂಪಾದಕರು, “ಫಾಂಟ್ ಬಹಳ ಚೆನ್ನಾಗಿತ್ತು” ಅಂದರು. ಡಾಕ್ಟರು ಬೆರಳು ತೋರಿಸಿ, “ಪಿನ್ ಚುಚ್ಚಿತು ಮೇಡಮ್” ಅಂದರು. ಏಜೆಂಟರಿಗೆ ಫೋನು ಮಾಡಿದೆ.

“ಕಥೆ ಓದಿದ್ರಾ?”

“ನೋಡ್ದೆ ಅಕ್ಕ.”

“ನೋಡಿದ್ದು ಗೊತ್ತಾಯ್ತು. ಓದಿದ್ರಾ?”

“ಸೂಪರಾಗಿ ನೋಡ್ದೆ ಅಕ್ಕ.”

ಮನೆಯಲ್ಲಿ ಯಜಮಾನರು ಮೊದಲ ಹಾಳೆ ಮುಗಿಸಿದರು. ಒಂದು ಹಾಳೆಯಾದರೂ ಓದಿದರಲ್ಲ ಅಂತ ಎದುರಿಗೆ ಕಾಫಿ ಇಟ್ಟೆ. “ಬೋರ್‌ವೆಲ್ ಕಥೆ ಅಲ್ವಾ, ಸ್ವಲ್ಪ ಬೋರು” ಅಂದು ತಮ್ಮ ಮಾತಿಗೆ ತಾವೇ ನಕ್ಕರು. ಕಾಫಿ ವಾಪಸ್ಸು ತೆಗೆದುಕೊಂಡು ನಾನೇ ಕುಡಿದೆ. ಇನ್ನು ಈ ಜನ್ಮದಲ್ಲಿ ಕಥೆ ಬರೆಯಲ್ಲ ಅಂತ ಅವತ್ತೇ ತೀರ್ಮಾನ ಮಾಡಿಬಿಟ್ಟೆ.

ಕೌದಳ್ಳಿಯಲ್ಲಿ

ಆ ಬೇಜಾರಿನಲ್ಲೇ ಒಂದು ದಿನ ಯಜಮಾನರ ಜೊತೆ ಮಾದಪ್ಪನ ಬೆಟ್ಟಕ್ಕೆ ಹೊರಟೆ. ಬಸ್ಸು ಕೌದಳ್ಳಿಯಲ್ಲಿ ಟೀಗೆ ನಿಂತಿತು. ರಸ್ತೆ ಬದಿಯ ಬೋಂಡದ ಅಂಗಡಿಯಿಂದ ಘಮ ಘಮ ಬರುತ್ತಿತ್ತು. ಹತ್ತಿರ ಹೋಗಿ ನೋಡುತ್ತೀನಿ, ಒಲೆ ಪಕ್ಕದಲ್ಲಿ ನಮ್ಮ ‘ಹಾರುತಟ್ಟೆ’ಯ ಇಡೀ ಕಟ್ಟು. ಅಂಗಡಿಯಮ್ಮ ಪರ್ ಅಂತ ಒಂದು ಹಾಳೆ ಹರಿದಳು, ಸ್ಟೀಲ್ ತಟ್ಟೆ ಮೇಲೆ ಹಾಸಿದಳು, ಬೋಂಡ ಸುರಿದಳು. ಸಂಪಾದಕೀಯದ ಮೇಲೆ ಕಾಯಿ ಚಟ್ನಿ ಬಿತ್ತು. ಅದರ ಬಗ್ಗೆ ನನಗೇನೂ ಬೇಜಾರಾಗಲಿಲ್ಲ.

“ಇದು ಎಲ್ಲಿಂದ ಬಂತಮ್ಮಾ?” ಅಂದೆ.

“ಮಾಂಬಳ್ಳಿಯೋರು ಒಬ್ರು ಇನ್ಸೂರೆನ್ಸಿನೋರು ತಂದ್ಕೊಟ್ರು ಕಣವ್ವ. ‘ಆರ್ ತಟ್ಟೆ ತಂದಿವ್ನಿ, ಬಂದೋರ್ಗೆಲ್ಲ ಒಂದೊಂದು ಕೊಡು’ ಅಂದ್ರು. ನೋಡುದ್ರೆ ಒಂದೊಂದ್ ಪಿನ್ನಲ್ಲೂ ಇಪ್ಪತ್ ಆಳೆ ಅವೆ. ಆರು ಅಂದ್ಬುಟ್ಟು ಇಪ್ಪತ್ ಕೊಟ್ಟವ್ರೆ, ನಿಯತ್ತಿನ್ ಜನ.”

ಬೈಯೋಣ ಅಂದರೆ ಯಾರನ್ನು ಬೈಯೋದು? ಏಜೆಂಟರು ಹೇಳಿದ ಹಾಗೇ ಅವಳು ಮಾಡಿದ್ದಳು, ಬಂದೋರಿಗೆಲ್ಲ ಒಂದೊಂದು ಕೊಟ್ಟಿದ್ದಳು.

ಅಷ್ಟರಲ್ಲಿ ಬೆಂಚಿನ ಮೇಲಿದ್ದ ಒಬ್ಬ ಕಣ್ಣಿಗೆ ಬಿದ್ದ. ಬಾಳೆಗೊನೆ ತುಂಬಿದ ಟೆಂಪೋ ರಸ್ತೆಯಲ್ಲಿ ನಿಂತಿತ್ತು, ಅದರ ಡ್ರೈವರು. ತಟ್ಟೆ ಖಾಲಿಯಾಗಿತ್ತು. ಅದರೊಳಗಿನ ಎಣ್ಣೆ ಹಾಳೆಯನ್ನು ಬೆಳಕಿಗೆ ಹಿಡಿದುಕೊಂಡು, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದ. ಪಕ್ಕದಲ್ಲಿ ಇನ್ನೂ ಎರಡು ಎಣ್ಣೆ ಹಾಳೆ ಮಡಚಿ ಇಟ್ಟಿದ್ದ. ಬಗ್ಗಿ ನೋಡಿದೆ. ನನ್ನ ಕಥೆ. ಮೂರನೇ ಹಾಳೆ, ಕೆಳಗಿನವರು ಪೈಪಿಗೆ ಬಡಿಯೋ ಜಾಗ.

ಓದಿ ಮುಗಿಸಿ ತಲೆ ಎತ್ತಿದ. “ಅವ್ವಾ, ಇದ್ರ ಮುಂದಿನ್ ಆಳೆ ಕೊಡು.”

“ಬರೀ ಆಳೆ ಕೊಡಕ್ಕಾಗಲ್ಲ. ಆಮೇಲೆ ಬೋಂಡ ಯಾತರಲ್ಲಿ ಕೊಡ್ಲಿ? ಬೋಂಡ ತಕಂಡ್ರೆ ಆಳೆ.”

ಅವನು ಒಂದು ಕ್ಷಣ ಹೊಟ್ಟೆ ನೋಡಿಕೊಂಡ. “ಕೊಡು ಮತ್ತೆ, ಒಂದ್ ತಟ್ಟೆ.”

ಅಷ್ಟರಲ್ಲಿ ನಮ್ಮ ಬಸ್ಸಿನಿಂದ ಇಳಿದವರೊಬ್ಬರು ಬೋಂಡ ಕೇಳಿದರು. ಅಂಗಡಿಯಮ್ಮ ಅವನು ಓದುತ್ತಿದ್ದ ಪ್ರತಿಗೇ ಕೈ ಹಾಕಿದಳು. ಡ್ರೈವರು ಎದ್ದೇಬಿಟ್ಟ. “ಅದ್ರದ್ದು ಕೊಟ್ಬುಡ್ಬೇಡ ಕಣವ್ವ. ಆ ಅಣ್ಣಂಗೆ ಬ್ಯಾರೆ ಪಿನ್ನಿಂದು ಅರ್ದ್ಕೊಡು. ಈ ಪಿನ್ನು ನಂದು.”

ನಾನು ಬಾಯಿ ಬಿಡಬಹುದಿತ್ತು. ಬರೆದವಳು ನಾನೇ ಕಣಪ್ಪಾ, ಮುಂದೆ ಹೀಗೀಗೆ ಆಗುತ್ತೆ ಅಂತ ಹೇಳಿದ್ದರೆ ಅವನ ಹೊಟ್ಟೆಯಾದರೂ ಉಳಿಯುತ್ತಿತ್ತು. ಹೇಳಲಿಲ್ಲ. ಎಲ್ಲಿ ತನಕ ಓದುತ್ತಾನೆ ನೋಡಬೇಕಿತ್ತು. ಕಂಡಕ್ಟರು ವಿಷಲ್ ಊದಿದ. ಯಜಮಾನರು ಫುಟ್‌ಬೋರ್ಡಿನ ಮೇಲಿಂದ, “ಬಾರೇ, ಬಸ್ಸು ಹೊರಡ್ತು” ಅಂತ ಕೂಗಿದರು.

“ಹೋದ್ರೆ ಹೋಗ್ಲಿ, ಇನ್ನೊಂದು ಬರುತ್ತೆ” ಅಂದೆ. ಅವರು ಇಳಿದರು, ಬಸ್ಸು ಹೋಯಿತು.

ನಾಲ್ಕನೇ ತಟ್ಟೆ ಆರಾಮಾಗಿ ಹೋಯಿತು. ಐದನೆಯದರಲ್ಲಿ ಬೋಂಡ ಒಂದೊಂದೇ ಬಾಯಿಗೆ ಇಟ್ಟುಕೊಂಡು ನೀರು ಕುಡಿದು ಇಳಿಸಿದ. ಕೊನೆಯ ತಟ್ಟೆ ಬಂದಾಗ ಹಣೆಯಲ್ಲಿ ಬೆವರು. ಬೋಂಡ ಸರಿಸಿ ಸರಿಸಿ ಸಾಲು ಹುಡುಕಿದ. ಚಟ್ನಿಯನ್ನು ಬೆರಳಲ್ಲಿ ಒರೆಸಿ ಅದರ ಕೆಳಗಿನ ಅಕ್ಷರ ಓದಿದ. ಕೊನೇ ಸಾಲಿಗೆ ಬಂದ. ನಿಂತ. ಮತ್ತೆ ಓದಿದ. ಆಮೇಲೆ ತೊಡೆ ತಟ್ಟಿಕೊಂಡು ನಗೋಕೆ ಶುರು ಮಾಡಿದ.

“ಏನಾಯ್ತಣ್ಣ?” ಅಂದಳು ಅಂಗಡಿಯಮ್ಮ.

“ಅಲ್ಲಾ ಕಣವ್ವ, ಭೂಮಿ ಒಳಗಡೆಯೋರು ಅಷ್ಟ್ ದೂರದಿಂದ ಕೊರ್ಕೊಂಡು ಕೊರ್ಕೊಂಡು ಮ್ಯಾಕ್ ಬಂದ್ಬುಟ್ಟು ನಮ್ಮೋರ್ನೇ ಕೇಳ್ತಾವ್ರೆ, ‘ನಿಮ್ ಕಡೆ ನೀರ್ ಬಿತ್ತಾ’ ಅಂತ.”

ಅವಳೂ ನಕ್ಕಳು. ಬೇರೆ ಪಿನ್ನಿನ ಬೋಂಡ ತಿನ್ನುತ್ತಿದ್ದವರೂ ನಕ್ಕರು. ಬಸ್ಸು ತಪ್ಪಿದ ಸಿಟ್ಟಿನಲ್ಲಿದ್ದ ನಮ್ಮ ಯಜಮಾನರೂ ನಕ್ಕು, “ಓ, ಕೊನೆಗೆ ಹಂಗಾ ಆಗೋದು?” ಅಂದರು. ನನಗೆ ಕಣ್ಣು ಮಂಜಾಯಿತು. ಒಲೆ ಹೊಗೆ ಅಂತ ಸೆರಗಲ್ಲಿ ಒರೆಸಿಕೊಂಡೆ.

ಬರೆದವಳು ನಾನು ಅಂತ ಅವನಿಗೆ ಹೇಳಲಿಲ್ಲ. “ಹೆಂಗಿತ್ತಪ್ಪಾ?” ಅಂತ ಮಾತ್ರ ಕೇಳಿದೆ.

“ಬೋಂಡನಾ, ಕತೆನಾ?”

“ಕತೆ.”

ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಯೋಚನೆ ಮಾಡಿದ. “ಕತೆ ಪಸಂದಾಗದೆ ಕಣಕ್ಕ. ಆದ್ರೆ ಬರ್ದೋರು ಇನ್ನೊಂದ್ ಆಳೆ ಬರ್ದಿದ್ರೆ ಇವತ್ತು ನಾನ್ ಬದುಕ್ತಿರ್ನಿಲ್ಲ.”

ಅಂಗಡಿಯಮ್ಮ ಒಲೆಯ ಕಡೆ ತಿರುಗಿಕೊಂಡೇ ಕೇಳಿದಳು, “ನಿಂದು ಒಟ್ಟು ಎಷ್ಟಾಯ್ತಣ್ಣ?”

ಅವನು ಒಂದು ದೊಡ್ಡ ತೇಗು ತೇಗಿ, ನಮ್ಮ ಪತ್ರಿಕೆಯ ಹೆಸರು ಹೇಳಿದ.

“ಆರ್ ತಟ್ಟೆ.”